ಕಂಪ್ಯೂಟ್ ಎಂಬ ಪ್ರಭೇದ

1979ರ ಶರತ್ಕಾಲದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೊ ಎಂಬ ಊರಿನಿಂದ ಒಂದು ಪತ್ರಿಕೆ ಹೊರಬಿತ್ತು. ಹೆಸರು ‘ಕಂಪ್ಯೂಟ್!’. ಕೊನೆಯ ಉದ್ಗಾರ ಚಿಹ್ನೆಯೂ ಹೆಸರಿನದೇ ಭಾಗ. 1994ರ ಸೆಪ್ಟೆಂಬರಿನಲ್ಲಿ ಅದರ ಕೊನೆಯ ಸಂಚಿಕೆ ಬಂತು. ಈ ನಡುವಿನ ಸಂಚಿಕೆಗಳಲ್ಲಿ ಕೆಲವನ್ನು ಕಾಗದದಲ್ಲಿ, ಉಳಿದವನ್ನು ಸ್ಕ್ಯಾನ್ ಪ್ರತಿಗಳಲ್ಲಿ, ಮಳೆ ಹಿಡಿದು ಕಾಡಿಗಿಳಿಯಲಾಗದ ಹೊತ್ತಿನಲ್ಲಿ ನೋಡುತ್ತ ಬಂದಿದ್ದೇನೆ. ಓದುತ್ತ ಎನ್ನುವುದಕ್ಕಿಂತ ನೋಡುತ್ತ ಎಂದರೇ ಸರಿ. ಲೇಖನ ಏನು ಹೇಳುತ್ತದೆ ಎಂಬುದು ಆಮೇಲಿನ ಮಾತು. ಪುಟ ಹೇಗಿದೆ, ಜಾಹೀರಾತು ಯಾರದು, ಓದುಗರ ಪತ್ರಗಳಲ್ಲಿ ಯಾವ ಗೋಳು ಮತ್ತೆ ಮತ್ತೆ ಕೇಳುತ್ತಿದೆ, ಹೋದ ತಿಂಗಳು ಇದ್ದದ್ದು ಈ ತಿಂಗಳು ಎಲ್ಲಿ ಹೋಯಿತು, ಇಂಥವನ್ನು ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಳ್ಳುವುದು. ಹಕ್ಕಿ ನೋಡಿ ನೋಡಿ ಹತ್ತಿದ ಚಾಳಿ, ಬಿಡಲಾಗುವುದಿಲ್ಲ.

ಕಾಗದದ ಪ್ರತಿ ಕೈಗೆ ಸಿಕ್ಕರೆ ಮೊದಲು ಬೆನ್ನು ನೋಡಬೇಕು, ಆಮೇಲೆ ಅಂಚು. 1983–84ರ ಸಂಚಿಕೆಗಳು ದಪ್ಪ. 1985 ದಾಟಿದ ಮೇಲೆ ಬೆನ್ನು ತೆಳ್ಳಗಾಗುತ್ತ ಹೋಗುತ್ತದೆ. ಮುಖಪುಟ ನುಣುಪು, ಬಣ್ಣ ಗಾಢ. ಮೊದಲ ಪುಟಗಳ ಅಂಚು ಬೆಳ್ಳಗಿದ್ದರೆ ಹಿಂಭಾಗದ ಪುಟಗಳ ಅಂಚು ಕೈ ಆಡಿ ಆಡಿ ಮಾಸಿರುತ್ತದೆ. ಅಲ್ಲಿ ಕಥೆಯಿಲ್ಲ, ಚಿತ್ರವಿಲ್ಲ. ಸಾಲುಸಾಲಾಗಿ ಅಂಕಿಗಳು, ಆವರಣ ಚಿಹ್ನೆಗಳು, ಅರ್ಧಂಬರ್ಧ ಇಂಗ್ಲಿಷ್ ಪದಗಳು. ಅಲ್ಲಲ್ಲಿ ಸಾಲಿನ ಪಕ್ಕ ಪೆನ್ಸಿಲ್ಲಿನ ಸಣ್ಣ ಗೀಟು. ಯಾರೋ ಅಲ್ಲಿಯ ತನಕ ಬಂದು ಊಟಕ್ಕೆ ಎದ್ದು ಹೋದ ಗುರುತು. ಅಂಟಿನ ರುಚಿ ಹಿಡಿದ ಬೆಳ್ಳಿಹುಳಗಳು ಬೆನ್ನಿನ ಕಡೆಯಿಂದ ಮೇಯುತ್ತ ಬರುತ್ತವೆ; ನನ್ನಲ್ಲಿರುವ ಒಂದು ಪ್ರತಿಯಲ್ಲಿ ಅವು ಯಾವುದೋ ಆಟದ ಕೆಲವು ಸಾಲುಗಳನ್ನೇ ಮುಗಿಸಿವೆ.

ಈ ಮಾಸಿದ ಪುಟಗಳಿಗೆ ಲಿಸ್ಟಿಂಗ್ ಎನ್ನುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಓದುಗ ತನ್ನ ಮನೆಯ ಕಂಪ್ಯೂಟರಿಗೆ ಕೈಯಾರೆ ಟೈಪ್ ಮಾಡಬೇಕು. ಮಾಡಿ ಮುಗಿಸಿದರೆ ಆಟವೋ ಲೆಕ್ಕಪತ್ರವೋ ಅವನದು. ಒಂದು ಪ್ರಾಣಿಯ ವಿಕಾಸ ತಿಳಿಯಬೇಕಾದರೆ ಇಡೀ ಮೈಯನ್ನು ಒಟ್ಟಿಗೆ ನೋಡುತ್ತ ಕೂತರೆ ಆಗದು, ಒಂದು ಅಂಗ ಹಿಡಿದು ಬೆನ್ನಟ್ಟಬೇಕು. ನಾನು ಹಿಡಿದದ್ದು ಲಿಸ್ಟಿಂಗನ್ನು.

ಮೂಲದಿಂದ ಬರೋಣ. 1977ರಲ್ಲಿ ಕಮೊಡೋರ್ ಕಂಪನಿ ಪೆಟ್ ಎಂಬ ಯಂತ್ರ ತಂದಿತು. ಪರದೆ, ಕೀಬೋರ್ಡು, ಕ್ಯಾಸೆಟ್ ರೆಕಾರ್ಡರು ಮೂರೂ ಒಂದೇ ಡಬ್ಬಿಯೊಳಗೆ. ಅದನ್ನು ಕೊಂಡವರಿಗಾಗಿ ಲೆನ್ ಲಿಂಡ್ಸೆ ಎಂಬಾತ 1978ರಲ್ಲಿ ‘ಪೆಟ್ ಗೆಜೆಟ್’ ಎಂಬ ಸಣ್ಣ ಸುದ್ದಿಪತ್ರ ಹೊರಡಿಸಿದ. ಅದನ್ನು ವಹಿಸಿಕೊಂಡು ಕಂಪ್ಯೂಟ್ ಮಾಡಿದವನು ರಾಬರ್ಟ್ ಲಾಕ್. ಆತ ಪತ್ರಿಕೆಯ ಗಡಿ ಹಾಕಿದ ಬಗೆ ಗಮನಿಸುವಂಥದು. ಒಂದೇ ಬ್ರಾಂಡಿಗೆ ಅಂಟಿಕೊಳ್ಳದೆ 6502 ಎಂಬ ಚಿಪ್ಪಿಗೆ ಅಂಟಿಕೊಂಡ. ಪೆಟ್, ಆಪಲ್ ಟು, ಅಟಾರಿ, ಓಹಾಯೊ ಸೈಂಟಿಫಿಕ್, ಬರಿಯ ಒಂದು ಹಲಗೆಯಷ್ಟಿದ್ದ ಕಿಮ್-1, ಎಲ್ಲದರ ಒಳಗೂ ಇದ್ದ ಮಿದುಳು ಅದು. 1975ರಲ್ಲಿ ಎಂಒಎಸ್ ಟೆಕ್ನಾಲಜಿ ಕಂಪನಿ ಅದನ್ನು 25 ಡಾಲರಿಗೆ ಮಾರಲು ಕೂತಾಗ ಬೇರೆಯವರ ಚಿಪ್ಪುಗಳಿಗೆ ನೂರಾರು ಡಾಲರ್ ಬೆಲೆ. ಅಗ್ಗದ ಚಿಪ್ಪಿನಿಂದ ಅಗ್ಗದ ಯಂತ್ರ, ಅಗ್ಗದ ಯಂತ್ರದಿಂದ ಮನೆಗೆ ಬಂದ ಯಂತ್ರ. ಹೊರಮೈ ನೋಡಿದರೆ ಸಂಬಂಧವೇ ಇಲ್ಲದಂತೆ ಕಾಣುವ ಈ ಯಂತ್ರಗಳನ್ನು ಲಾಕ್ ಒಳಗಿನ ರಚನೆ ನೋಡಿ ಒಂದೇ ಕುಟುಂಬಕ್ಕೆ ಸೇರಿಸಿದ. ವರ್ಗೀಕರಣ ಮಾಡುವವನ ಕಣ್ಣು ಅವನದು.

1980ರಲ್ಲಿ ಕಾಂಡದಿಂದ ಒಂದು ಕವಲು ಒಡೆಯಿತು. ಕಿಮ್‌ನಂಥ ಒಂಟಿ ಹಲಗೆಯ ಯಂತ್ರದವರಿಗೆಂದೇ ‘ಕಂಪ್ಯೂಟ್ ಟು’. ಮೂರು ಸಂಚಿಕೆಗೆ ಒಣಗಿ ಮತ್ತೆ ತಾಯಿಯ ಮೈಗೇ ಸೇರಿತು. ಹಲಗೆಯ ಮೇಲೆ ತಂತಿ ಬೆಸೆದು ಕೆಲಸ ಮಾಡುವ ಜನ ಹೆಚ್ಚಿರಲಿಲ್ಲ, ಇದ್ದವರೂ ಪೆಟ್‌ಗೋ ಅಟಾರಿಗೋ ವಲಸೆ ಹೊರಟಿದ್ದರು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ತಾಯಿ ಪತ್ರಿಕೆ ಮಾತ್ರ 1981ರ ಜನವರಿಯಿಂದ, ಅಂದರೆ ಎಂಟನೆಯ ಸಂಚಿಕೆಯಿಂದ, ತಿಂಗಳಿಗೊಮ್ಮೆ ಬರತೊಡಗಿತು.

ಆವಾಸ ಹೇಗಿತ್ತೆಂದು ತಿಳಿಯಬೇಕಾದರೆ ಜಾಹೀರಾತು ನೋಡಬೇಕು. ಮೊದಲ ವರ್ಷಗಳಲ್ಲಿ ಮೆಮೊರಿ ಹಲಗೆ, ಪ್ರಿಂಟರ್ ತಂತಿ, ಬಿಡಿಭಾಗ; ಬರೆಯುವವರೂ ಕೊಳ್ಳುವವರೂ ಹೆಚ್ಚುಕಡಿಮೆ ಒಂದೇ ಜನ. ಆಮೇಲೆ ಕಮೊಡೋರಿನ ವಿಕ್-20 ಬಂತು, ಮುನ್ನೂರು ಡಾಲರಿಗೂ ಕಡಿಮೆ ಬೆಲೆಗೆ. 1982ರಲ್ಲಿ ಕಮೊಡೋರ್ 64. ಮೊದಲು 595 ಡಾಲರ್, ಆಮೇಲೆ ಬೆಲೆಯುದ್ಧ ಬಿದ್ದು ಇಳಿಯುತ್ತಲೇ ಹೋಯಿತು. ಆ ಜಗಳದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1983ರ ಅಕ್ಟೋಬರಿನಲ್ಲಿ ಮನೆಯ ಕಂಪ್ಯೂಟರಿನ ಕಣದಿಂದಲೇ ಕಾಲು ತೆಗೆಯಿತು. ಪತ್ರಿಕೆಯ ಪುಟಗಳಲ್ಲಿ ಈಗ ಜಾಯ್‌ಸ್ಟಿಕ್, ಕ್ಯಾಸೆಟ್ ಪೆಟ್ಟಿಗೆ, ಮಕ್ಕಳಿಗೆ ಗಣಿತ ಕಲಿಸುವ ತಂತ್ರಾಂಶ. ಓದುಗರ ಪತ್ರದ ದನಿಯೂ ಬದಲಾಗುತ್ತದೆ. ಮೊದಲು ಚಿಪ್ಪಿನ ಕಾಲುಗಳ ಬಗ್ಗೆ ಕೇಳುತ್ತಿದ್ದರು. ಈಗ ಎಲ್ಲವನ್ನೂ ಸರಿಯಾಗಿ ಟೈಪ್ ಮಾಡಿದ್ದೇನೆ, ಆದರೂ ಯಾಕೆ ಓಡುತ್ತಿಲ್ಲ ಎಂಬ ಅಳಲು. ಈ ಅಳಲನ್ನು ನೆನಪಿಡಬೇಕು, ಮುಂದಿನ ಮಾರ್ಪಾಡುಗಳಿಗೆಲ್ಲ ಕಾರಣ ಇದೇ.

1983 ಈ ಪ್ರಭೇದದ ಹೂಬಿಡುವ ಕಾಲ. ಆ ವರ್ಷ ಅಮೆರಿಕದ ಟಿವಿ ಸಂಸ್ಥೆ ಎಬಿಸಿಯ ಪ್ರಕಾಶನ ವಿಭಾಗ ಪತ್ರಿಕೆಯನ್ನು ಕೊಂಡಿತು. ಜುಲೈಯಲ್ಲಿ ವಿಕ್-20 ಮತ್ತು 64 ಇಟ್ಟುಕೊಂಡವರಿಗೆಂದೇ ‘ಕಂಪ್ಯೂಟ್ಸ್ ಗೆಜೆಟ್’ ಹೊರಟಿತು; ಈ ಸಲದ ಕವಲು ಗಟ್ಟಿ. ಪುಸ್ತಕ ವಿಭಾಗವೂ ಬೆಳೆಯಿತು. ಅದಕ್ಕೆ ಸಂಪಾದಕನಾಗಿ ಆ ವರ್ಷ ಗ್ರೀನ್ಸ್‌ಬರೊಗೆ ಬಂದವನು ಆರ್ಸನ್ ಸ್ಕಾಟ್ ಕಾರ್ಡ್, ಎರಡು ವರ್ಷದ ಮೇಲೆ ‘ಎಂಡರ್ಸ್ ಗೇಮ್’ ಕಾದಂಬರಿಯಿಂದ ಹೆಸರಾದವನು. ಅಂಕಣಕಾರರಲ್ಲಿ ನನಗೆ ಇಷ್ಟವಾದವನು ಟೊರಾಂಟೊದ ಜಿಮ್ ಬಟರ್‌ಫೀಲ್ಡ್. ಯಂತ್ರದ ಮೆಮೊರಿಯಲ್ಲಿ ಯಾವ ವಿಳಾಸದಲ್ಲಿ ಏನಿದೆ ಎಂದು ಒಂದೊಂದೇ ತಡಕಿ ನೋಡಿ ನಕ್ಷೆ ಬರೆದು ಕೊಡುತ್ತಿದ್ದ. ತಯಾರಕರು ಹೇಳದೆ ಬಿಟ್ಟದ್ದನ್ನು ಕೂತು ನೋಡಿ ಕಂಡುಕೊಳ್ಳುವ ಆ ತಾಳ್ಮೆ ನಮ್ಮ ಕಸುಬಿನವರಿಗೆ ಗುರುತು ಸಿಗುವಂಥದು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕಮೊಡೋರ್ 64ರ ಸ್ವಿಚ್ ಹಾಕಿದರೆ ನೀಲಿ ಪರದೆಯ ಮೇಲೆ ಬೇಸಿಕ್ ಭಾಷೆಯ ಹೆಸರು, 38911 ಬೈಟು ಜಾಗ ಖಾಲಿಯಿದೆ ಎಂಬ ಸಾಲು, ಕೆಳಗೆ ‘ರೆಡಿ’, ಅದರ ಕೆಳಗೆ ಮಿಟುಕುವ ಚೌಕ. ಅಷ್ಟೇ. ಚಿತ್ರವಿಲ್ಲ, ಆಯ್ಕೆಗಳ ಪಟ್ಟಿಯಿಲ್ಲ. ಏನಾದರೂ ಟೈಪ್ ಮಾಡು ಎಂದು ಯಂತ್ರ ಕಾಯುತ್ತದೆ. ನಮ್ಮ ದೇಶದ ಶಾಲೆಗಳಿಗೆ 1984–85ರಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಡಿ ಬಂದ ಬಿಬಿಸಿ ಮೈಕ್ರೊ ಕೂಡ ಇದೇ ಕುಲದ್ದು. 6502ರ ಮಿದುಳು, ಸ್ವಿಚ್ ಹಾಕಿದರೆ ಬೇಸಿಕ್. ಅಂಗಡಿಯಲ್ಲಿ ಸಿಗುವ ತಂತ್ರಾಂಶ ದುಬಾರಿ, ಯಂತ್ರಕ್ಕೋ ಹೊಟ್ಟೆಗೆ ಏನಾದರೂ ಬೇಕು. ಅದನ್ನು ತಿಂಗಳು ತಿಂಗಳೂ ಕಾಗದದ ಮೇಲೆ ತರುತ್ತಿದ್ದದ್ದು ಪತ್ರಿಕೆ.

ಅತ್ತಿಕಾಯಿಯನ್ನು ಸೀಳಿ ನೋಡಿದವರಿಗೆ ಈ ಬದುಕಿನ ಬಗೆ ಗೊತ್ತು. ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೇ ಅಡಗಿವೆ. ಎರಡು ಮಿಲಿಮೀಟರಿನಷ್ಟಿರುವ ಕಣಜದ ಹುಳ ಕಾಯಿಯ ತುದಿಯ ಸಣ್ಣ ಕಿಂಡಿಯಲ್ಲಿ ರೆಕ್ಕೆ ಮುರಿದುಕೊಂಡು ನುಸುಳಿ ಒಳಗೆ ಪರಾಗ ಮುಟ್ಟಿಸಿ ಮೊಟ್ಟೆಯಿಡುತ್ತದೆ. ಹುಳವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಹುಳಕ್ಕೆ ಸಂತಾನವಿಲ್ಲ. ಪತ್ರಿಕೆಯೂ ಮನೆಯ ಕಂಪ್ಯೂಟರೂ ಒಂದಕ್ಕೊಂದು ಹೀಗೇ ಹೆಣೆದುಕೊಂಡಿದ್ದವು. ಪರಾಗ ಹೊತ್ತದ್ದು ಓದುಗನ ಎರಡು ಬೆರಳು. ಮುಂದಿನ ಕೆಲವು ವರ್ಷಗಳ ಬದಲಾವಣೆಗಳೆಲ್ಲ ಆ ಬೆರಳಿನ ಕೆಲಸವನ್ನು ಹಗುರ ಮಾಡುವ ಪ್ರಯತ್ನಗಳೇ.

ಲಿಸ್ಟಿಂಗನ್ನು ಭೂತಗನ್ನಡಿ ಹಿಡಿದು ನೋಡಿದರೆ ಮೊದಲ ತೊಡಕು ತಿಳಿಯುತ್ತದೆ. ಕಮೊಡೋರ್ ಯಂತ್ರದಲ್ಲಿ ಪರದೆ ಒರೆಸುವ ಆದೇಶವನ್ನು ಉದ್ಧರಣ ಚಿಹ್ನೆಯ ಒಳಗೆ ಕೊಟ್ಟರೆ ಅದು ಬಣ್ಣ ತಿರುವುಮುರುವಾದ ಹೃದಯದ ಆಕಾರವಾಗಿ ಕಾಣುತ್ತದೆ. ಬಣ್ಣ ಬದಲಿಸುವುದಕ್ಕೆ ಒಂದು, ಕರ್ಸರ್ ಕೆಳಗಿಳಿಸುವುದಕ್ಕೆ ಇನ್ನೊಂದು, ಹೀಗೆ ವಿಚಿತ್ರ ಆಕಾರಗಳ ಸಂತೆ. ಅವನ್ನು ಇದ್ದ ಹಾಗೇ ಅಚ್ಚು ಹಾಕಿದರೆ ಮಸಿ ಹರಡಿ ಚುಕ್ಕೆ ಮಾತ್ರ ಉಳಿಯುತ್ತದೆ. ಕಂಪ್ಯೂಟ್ ಕಂಡುಕೊಂಡ ದಾರಿ ಸರಳ: ಆಕಾರ ಬಿಟ್ಟು ಅದರ ಹೆಸರನ್ನು ಪುಷ್ಪಾವರಣದೊಳಗೆ ಬರೆಯುವುದು. ಖಾಲಿ ಜಾಗ ಬೇಕಿದ್ದರೆ ಎಷ್ಟು ಸಲ ಒತ್ತಬೇಕೆಂಬ ಸಂಖ್ಯೆ, ಶಿಫ್ಟ್ ಹಿಡಿದು ಒತ್ತುವ ಅಕ್ಷರಕ್ಕೆ ಅಡಿಗೆರೆ. ಪುಟದ ಅಂದ ಕೆಟ್ಟಿತು, ಟೈಪ್ ಮಾಡುವವನ ಕಣ್ಣು ಉಳಿಯಿತು.

ಎರಡನೆಯ ತೊಡಕು ತಪ್ಪು. ಪತ್ರಿಕೆಯದೇ ತಪ್ಪಿದ್ದರೆ ತಿದ್ದುಪಡಿಗೆಂದು ‘ಕಪ್ಯೂಟ್!’ ಎಂಬ ಮೂಲೆಯಿತ್ತು. ಗೆಜೆಟ್‌ನಲ್ಲಿ ಅದೇ ಕೆಲಸಕ್ಕೆ ‘ಬಗ್ ಸ್ವಾಟರ್’. ಓದುಗನ ತಪ್ಪಿಗೆ ಮದ್ದು ಕಷ್ಟ. ನೂರು ಸಾಲಿನಲ್ಲಿ ಒಂದು ಅಂಕಿ ಕೈತಪ್ಪಿದರೂ ಪ್ರೋಗ್ರಾಂ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ ನಿಲ್ಲದೆ ತಪ್ಪಾಗಿ ಓಡುತ್ತದೆ. ಗೆಜೆಟ್‌ನ 1983ರ ಅಕ್ಟೋಬರ್ ಸಂಚಿಕೆಯಲ್ಲಿ ಚಾರ್ಲ್ಸ್ ಬ್ರಾನನ್ ‘ಆಟೊಮ್ಯಾಟಿಕ್ ಪ್ರೂಫ್‌ರೀಡರ್’ ಎಂಬ ಪುಟ್ಟ ಪ್ರೋಗ್ರಾಂ ಕೊಟ್ಟ. ಅದನ್ನು ಮೊದಲು ಟೈಪ್ ಮಾಡಿ ಓಡಿಸಿಬಿಟ್ಟರೆ ಮೆಮೊರಿಯ ಒಂದು ಸಂದಿಯಲ್ಲಿ ಸುಮ್ಮನೆ ಕೂತಿರುತ್ತದೆ. ಆಮೇಲೆ ಪ್ರತಿ ಸಾಲು ಮುಗಿಸಿ ರಿಟರ್ನ್ ಒತ್ತಿದಾಗಲೂ ಆ ಸಾಲಿನ ಅಕ್ಷರಗಳ ಬೆಲೆ ಕೂಡಿಸಿ ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ. ಪತ್ರಿಕೆಯಲ್ಲಿ ಅದೇ ಸಾಲಿನ ಕೊನೆಗೆ ‘ರೆಮ್’ ಎಂಬ ಪದದ ಪಕ್ಕ ಅಚ್ಚಾದ ಸಂಖ್ಯೆಯೊಂದಿಗೆ ತಾಳೆ ನೋಡಿದರಾಯಿತು. ಆ ತಿಂಗಳಿಂದಾಚೆ ಕಮೊಡೋರ್ ಲಿಸ್ಟಿಂಗುಗಳ ಬಲಗಡೆಗೆ ಹೊಸದೊಂದು ಬಾಲ ಬೆಳೆದದ್ದು ದೂರದಿಂದಲೇ ಕಾಣುತ್ತದೆ.

ಈ ಬಾಲಕ್ಕೆ ಎರಡು ದೋಷ. ಕೂರಲು ಪ್ರೂಫ್‌ರೀಡರ್ ಆರಿಸಿಕೊಂಡ ಸಂದಿ 828ನೆಯ ವಿಳಾಸದಿಂದ ಶುರುವಾಗುವ ಕ್ಯಾಸೆಟ್ ಬಫರ್. ಕ್ಯಾಸೆಟ್ಟಿಗೆ ಬರೆಯುವಾಗ ಯಂತ್ರ ಬಳಸುವ ಜಾಗವೂ ಅದೇ. ಹಾಗಾಗಿ ಡಿಸ್ಕ್ ಡ್ರೈವ್ ಕೊಳ್ಳಲಾಗದೆ ಕ್ಯಾಸೆಟ್ ನೆಚ್ಚಿಕೊಂಡ ಓದುಗ, ಅಂದರೆ ಈ ನೆರವು ಯಾರಿಗೆ ಹೆಚ್ಚು ಬೇಕಿತ್ತೋ ಅವನೇ, ಪೇಚಿಗೆ ಸಿಕ್ಕುತ್ತಿದ್ದ. ಎರಡನೆಯದು ಲೆಕ್ಕದ್ದು. 64ರಲ್ಲಿ ಪರದೆಯ ಅಂಚಿನ ಬಣ್ಣ ಬದಲಿಸುವ ವಿಳಾಸ 53280. ಅವಸರದಲ್ಲಿ 53820 ಎಂದು ಹೊಡೆದಿರಿ ಎನ್ನಿ. ಅದೇ ಐದು ಅಂಕಿ, ಎರಡರ ಜಾಗ ಮಾತ್ರ ಅದಲುಬದಲು. ಕೂಡಿಸಿದರೆ ಎರಡೂ ಕಡೆ 18. ಪ್ರೂಫ್‌ರೀಡರ್ ಸರಿ ಎನ್ನುತ್ತದೆ. ಯಂತ್ರವೂ ತಕರಾರು ತೆಗೆಯುವುದಿಲ್ಲ, ಏಕೆಂದರೆ 53820ರಲ್ಲಿ ಯಾರ ಉಪಯೋಗಕ್ಕೂ ಬಾರದ ಖಾಲಿ ರಿಜಿಸ್ಟರು. ಬಣ್ಣ ಬದಲಾಗುವುದಿಲ್ಲ, ತಪ್ಪೆಂಬ ಸೂಚನೆಯೂ ಇಲ್ಲ. ರಾತ್ರಿ ಪೂರ್ತಿ ಹುಡುಕಬೇಕು.

ಮದ್ದು 1986ರ ಫೆಬ್ರುವರಿಯಲ್ಲಿ ಬಂತು. ಹೊಸ ಪ್ರೂಫ್‌ರೀಡರ್ ಅಕ್ಷರ ಯಾವುದೆಂಬುದರ ಜೊತೆಗೆ ಅದು ಎಷ್ಟನೆಯ ಜಾಗದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿತು. ಮೇಲಿನ ಅಂಕಿಗಳನ್ನೇ ಜಾಗದ ಸಂಖ್ಯೆಯಿಂದ ಗುಣಿಸಿ ಕೂಡಿಸಿ ನೋಡಿ: 53280ಕ್ಕೆ 49 ಬರುತ್ತದೆ, 53820ಕ್ಕೆ 43. ಕಳ್ಳ ಸಿಕ್ಕಿಬಿದ್ದ. ಪರದೆಯ ಮೇಲೆ ಈಗ ಸಂಖ್ಯೆಯ ಬದಲು ಎರಡು ಅಕ್ಷರದ ಗುರುತು, ಅಚ್ಚಿನಲ್ಲಿ ಸಾಲಿನ ಪಕ್ಕವೂ ಅದೇ. ಎರಡು ವರ್ಷ ನಾಲ್ಕು ತಿಂಗಳಲ್ಲಿ ಒಂದು ಅಂಗ ಮೊಳೆತು, ಕುಂದು ತೋರಿ, ಆಕಾರ ಬದಲಿಸಿ ನಿಂತದ್ದನ್ನು ಹೀಗೆ ಪುಟ ತಿರುವಿ ನೋಡಬಹುದು. ಜೀವವಿಕಾಸದಲ್ಲಿ ಇಷ್ಟು ಚೊಕ್ಕ ದಾಖಲೆ ಸಿಗುವುದು ಅಪರೂಪ. ಹಾಗೆ ಹೇಳುವಾಗ ಒಂದು ಎಚ್ಚರ ಬೇಕು: ಕಾಡಿನಲ್ಲಿ ಯಾರೂ ಕೂತು ಯೋಚಿಸಿ ರೆಕ್ಕೆ ತಿದ್ದುವುದಿಲ್ಲ, ಇಲ್ಲಿ ತಿದ್ದಿದವರಿಗೆ ಹೆಸರಿದೆ, ಸಂಬಳವಿದೆ. ಆದರೆ ಒತ್ತಡ ಬಂದದ್ದು ಹೊರಗಿನಿಂದಲೇ. ಓದುಗರ ಪತ್ರಗಳ ಚೀಲ ಅದನ್ನು ತಿಂಗಳು ತಿಂಗಳೂ ತರುತ್ತಿತ್ತು.

ಬೇಸಿಕ್ ನಿಧಾನ. ವೇಗದ ಆಟ ಬೇಕೆಂದರೆ ಯಂತ್ರಭಾಷೆ ಬೇಕು, ಯಂತ್ರಭಾಷೆ ಅಂದರೆ ಅರ್ಥ ಬಿಟ್ಟುಕೊಡದ ಅಂಕಿಗಳ ಸಾಲು. ಆ ಅಂಕಿಗಳನ್ನು ಟೈಪ್ ಮಾಡಲೆಂದೇ 1983ರ ಡಿಸೆಂಬರಿನಲ್ಲಿ ಎಂಎಲ್‌ಎಕ್ಸ್ ಎಂಬ ಪ್ರೋಗ್ರಾಂ ಬಂತು, ಅದೂ ಬ್ರಾನನ್‌ನದೇ. ಸಾಲಿನ ಶುರುವಿಗೆ ವಿಳಾಸ, ಆಮೇಲೆ ಮೂರು ಮೂರು ಅಂಕಿಯ ಆರು ಸಂಖ್ಯೆ, ಏಳನೆಯದು ತಾಳೆ ನೋಡುವ ಸಂಖ್ಯೆ, ಚೆಕ್‌ಸಮ್. 64ರಲ್ಲಿ 2049ನೆಯ ವಿಳಾಸದಿಂದ ಶುರುವಾಗುವ ಎಷ್ಟೋ ಪ್ರೋಗ್ರಾಮುಗಳ ಮೊದಲ ಆರು ಸಂಖ್ಯೆ ಹೆಚ್ಚುಕಡಿಮೆ ಹೀಗಿರುತ್ತವೆ: 011, 008, 010, 000, 158, 050. ಇದರಲ್ಲಿ 158 ಎಂಬುದು ಬೇಸಿಕ್ ಬಿಟ್ಟು ಯಂತ್ರಭಾಷೆಗೆ ದಾಟು ಎಂಬ ಆದೇಶ. ಉಳಿದವು ಆ ಬಾಗಿಲಿನ ಚೌಕಟ್ಟು. ಅಲ್ಪವಿರಾಮವನ್ನು ಎಂಎಲ್‌ಎಕ್ಸ್ ತಾನೇ ಹಾಕಿಕೊಳ್ಳುತ್ತದೆ, ವಿಳಾಸ ತಾನೇ ಮುಂದಕ್ಕೆ ಎಣಿಸುತ್ತದೆ, ಬೇಡದ ಕೀ ಒತ್ತಿದರೆ ಕಿವುಡಾಗುತ್ತದೆ. ಸಾಲು ಸರಿಯಿದ್ದರೆ ಗಂಟೆಯ ದನಿ, ತಪ್ಪಿದ್ದರೆ ಗೊರಗೊರ.

ಬರಿಯ ನೋಟದಿಂದ ಇದರ ಸ್ವಭಾವ ತಿಳಿಯದು, ಮಾಡಿಯೇ ನೋಡಬೇಕು. ಲ್ಯಾಪ್‌ಟಾಪಿನಲ್ಲಿ 64ರಂತೆ ನಟಿಸುವ ಎಮ್ಯುಲೇಟರ್ ತೆರೆದು ಕೂತೆ. ರಜೆಗೆ ಬಂದಿದ್ದ ಅಕ್ಕನ ಮಗಳಿಗೆ ಲಿಸ್ಟಿಂಗ್ ಕೈಗಿತ್ತು ಓದಲು ಹೇಳಿದೆ. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುತ್ತಿದ್ದದ್ದೂ ಹಾಗೇ, ಒಬ್ಬರು ಓದುವುದು, ಒಬ್ಬರು ಹೊಡೆಯುವುದು.

“ಮಾವ, ಒಂದು ಫೋಟೊ ತೆಗೆದ್ರೆ ಫೋನೇ ಓದುತ್ತಲ್ಲ. ಇದೆಲ್ಲ ಯಾಕೆ?”

“ಒಂದು ಪುಟ ಆಗಲಿ ಕಣಮ್ಮ, ಆಮೇಲೆ ಕೇಳು.”

ಮೊದಲ ಸಾಲುಗಳಲ್ಲಿ ಅವಳು ಸೊನ್ನೆ ಹನ್ನೊಂದು, ಸೊನ್ನೆ ಎಂಟು ಎಂದು ಬಿಡಿಬಿಡಿಯಾಗಿ ಓದಿದಳು. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಮಗ್ಗಿ ಹೇಳುವ ರಾಗ ಬಂತು, ನನ್ನ ಬೆರಳೂ ಆ ರಾಗಕ್ಕೆ ಕೂತುಕೊಂಡಿತು. ಗೊರಗೊರ ಸದ್ದು ಬಂದದ್ದೆಲ್ಲ ಹೆಚ್ಚಾಗಿ ರಾಗ ಹಿಡಿದ ಮೇಲೆ. ಅದರಲ್ಲೂ 169, 196ರಂಥ ಅಂಕಿಗಳು ಹತ್ತಿರ ಹತ್ತಿರ ಬಂದಾಗ. ಎಚ್ಚರದಲ್ಲಿ ಆಗುವ ತಪ್ಪು ಕಡಿಮೆ, ಅಭ್ಯಾಸದಲ್ಲಿ ಆಗುವುದೇ ಹೆಚ್ಚು ಎಂದು ಬರೆದಿಟ್ಟುಕೊಂಡೆ. ಪುಟ ಮುಗಿದ ಮೇಲೆ ಅವಳು ಏನೂ ಕೇಳಲಿಲ್ಲ, ಇನ್ನೆಷ್ಟು ಪುಟ ಇದೆ ಎಂದು ತಿರುವಿ ನೋಡಿ ಎದ್ದು ಹೋದಳು.

ಎಷ್ಟಿರುತ್ತಿತ್ತು ಎಂಬುದಕ್ಕೆ ಒಂದು ಅಂದಾಜು. 1984ರ ಜನವರಿಯ ಗೆಜೆಟ್‌ನಲ್ಲಿ ‘ಸ್ಪೀಡ್‌ಸ್ಕ್ರಿಪ್ಟ್’ ಎಂಬ ವರ್ಡ್ ಪ್ರೊಸೆಸರ್ ಅಚ್ಚಾಯಿತು. ಬರೆದವನು ಮತ್ತೆ ಬ್ರಾನನ್. ಅದಕ್ಕೂ ಮುಂಚೆ 1983ರ ಏಪ್ರಿಲ್‌ನಲ್ಲಿ ಅಟಾರಿ ಯಂತ್ರಕ್ಕೆ ‘ಸ್ಕ್ರಿಪ್ಟರ್’ ಎಂಬುದನ್ನು ಅರ್ಧ ಬೇಸಿಕ್, ಅರ್ಧ ಯಂತ್ರಭಾಷೆಯಲ್ಲಿ ಮಾಡಿ ಕೈ ಪಳಗಿಸಿಕೊಂಡಿದ್ದ. ಸ್ಪೀಡ್‌ಸ್ಕ್ರಿಪ್ಟ್ ಸುಮಾರು 5 ಕಿಲೋಬೈಟು. ಸಾಲಿಗೆ ಆರು ಬೈಟಿನಂತೆ ಸುಮಾರು 850 ಸಾಲು, ಸಾಲಿಗೆ 21 ಕೀ. ಒಟ್ಟು ಹತ್ತಿರ ಹತ್ತಿರ 18 ಸಾವಿರ ಸಲ ಬೆರಳು ಕುಟ್ಟಬೇಕು. ಅಷ್ಟು ಕುಟ್ಟಿದವನಿಗೆ ಅಂಗಡಿಯ ಮಾಲಿಗೆ ಸಾಟಿಯಾದ ಬರೆಯುವ ಸಾಧನ ಪತ್ರಿಕೆಯ ಬೆಲೆಗೆ ಸಿಕ್ಕಿತು. ಪತ್ರಿಕೆ ಕೊಟ್ಟ ಲಿಸ್ಟಿಂಗುಗಳಲ್ಲಿ ಇದಕ್ಕೆ ಸರಿಗಟ್ಟುವಂಥದು ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ವಿಕ್, ಅಟಾರಿ, ಆಪಲ್‌ಗಳಿಗೂ ಇದು ಹರಡಿತು.

ಎಂಎಲ್‌ಎಕ್ಸ್ ಕೂಡ ಬದಲಾಗುತ್ತ ಹೋಯಿತು. 1984ರ ಮೇ ಸಂಚಿಕೆಯಿಂದ ಕಮೊಡೋರ್ ಕೀಬೋರ್ಡಿನ ಬಲಗಡೆಯ ಕೆಲವು ಅಕ್ಷರಗಳು ಅಂಕಿಗಳಾದವು: ಯು, ಐ, ಓ ಒತ್ತಿದರೆ 4, 5, 6, ಜೆ, ಕೆ, ಎಲ್‌ಗೆ 1, 2, 3, ಎಂ ಸೊನ್ನೆ. ಕ್ಯಾಲ್ಕುಲೇಟರಿನ ಗುಂಡಿಗಳ ಜೋಡಣೆಯನ್ನು ಇದ್ದ ಕೀಲಿಗಳಲ್ಲೇ ಹೊಂದಿಸಿಕೊಂಡ ಉಪಾಯ, ಒಂದೇ ಕೈ ಸಾಕು. 1985ರ ಜೂನ್‌ನಲ್ಲಿ ಆಪಲ್‌ಗೆ ಬಂದ ರೂಪ ಹತ್ತರ ಎಣಿಕೆ ಬಿಟ್ಟು ಹದಿನಾರರ ಎಣಿಕೆಯಾದ ಹೆಕ್ಸ್ ಹಿಡಿಯಿತು, ಸಾಲಿಗೆ ಎಂಟು ಬೈಟು. ಅದೇ ಡಿಸೆಂಬರಿನಲ್ಲಿ ಆ ಗುಣ 64ಕ್ಕೂ ದಾಟಿತು. ಲೆಕ್ಕ ಹಾಕಿದೆ: ಅದೇ 5 ಕಿಲೋಬೈಟಿಗೆ ಈಗ 640 ಸಾಲು, ಸಾಲಿಗೆ 18 ಕೀ, ಒಟ್ಟು ಹನ್ನೊಂದೂವರೆ ಸಾವಿರ. ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶ್ರಮ ಉಳಿಯಿತು. ಬೆರಳಿನ ಮಟ್ಟಿಗೆ ಇದಕ್ಕಿಂತ ನಯವಾದ ಹೊಂದಾಣಿಕೆ ಸಾಧ್ಯವಿರಲಿಲ್ಲವೇನೋ.

ಅಷ್ಟರಲ್ಲಿ ಮರವೇ, ಅಂದರೆ ಯಂತ್ರವೇ, ಬದಲಾಗತೊಡಗಿತ್ತು. 1984ರ ಮ್ಯಾಕಿಂತೋಷ್ ಬೇಸಿಕ್ ತೋರಿಸುವುದಿಲ್ಲ, ಕಿಟಕಿ ತೋರಿಸುತ್ತದೆ. 1985ರ ಅಮಿಗಾಗೆ ಡಿಸ್ಕ್ ಹಾಕದೆ ಎಚ್ಚರವೇ ಆಗದು. ಬೇಸಿಕ್ ಇದ್ದದ್ದೂ ಡಿಸ್ಕಿನಲ್ಲೇ. ಅಮಿಗಾದ ಒಂದು ಫ್ಲಾಪಿಯಲ್ಲಿ 880 ಕಿಲೋಬೈಟು ಹಿಡಿಯುತ್ತಿತ್ತು. ಆ ಒಂದು ಫ್ಲಾಪಿಯಷ್ಟನ್ನು ಹೊಸ ಎಂಎಲ್‌ಎಕ್ಸ್‌ನಲ್ಲಿ ಹೊಡೆಯಬೇಕೆಂದರೆ 20 ಲಕ್ಷಕ್ಕೂ ಮಿಕ್ಕಿ ಕೀ. ಅಂಥ ಬೆರಳು ಯಾರಿಗೂ ಇಲ್ಲ. ಗೆಜೆಟ್ 1984ರಲ್ಲೇ ತಿಂಗಳ ಲಿಸ್ಟಿಂಗುಗಳನ್ನು ಡಿಸ್ಕಿನಲ್ಲಿ ತುಂಬಿ ಬೇರೆ ಚಂದಾಕ್ಕೆ ಕೊಡಲು ಶುರುಮಾಡಿತ್ತು. ಓದುಗನಿಗೆ ಅನುಕೂಲ, ಪ್ರಕಾಶಕನಿಗೆ ಕಾಸು. ಆದರೆ ಟೈಪ್ ಮಾಡುವ ಬೆರಳನ್ನು ದಾಟಿ ಹೋಗುವ ದಾರಿ ಅಲ್ಲಿಂದಲೇ ತೆರೆಯಿತು. ಬ್ರಿಟನ್ನಿನ ಪತ್ರಿಕೆಗಳು ಇದನ್ನೇ ಬೇರೆ ಬಗೆಯಲ್ಲಿ ಮಾಡಿದವು. ಮುಖಪುಟಕ್ಕೆ ಕ್ಯಾಸೆಟ್ ಅಂಟಿಸಿದವು. ಲಡ್ಲೊ ಊರಿನಿಂದ 1984ರಲ್ಲಿ ಹೊರಟ ‘ಕ್ರ್ಯಾಶ್’ನಂಥವಂತೂ ಲಿಸ್ಟಿಂಗಿನ ಗೊಡವೆಗೆ ಹೋಗದೆ ಆಟಗಳ ವಿಮರ್ಶೆಯನ್ನೇ ತಿಂದು ಬದುಕಿದವು.

1985ರಲ್ಲಿ ಮನೆಯ ಕಂಪ್ಯೂಟರಿನ ಮಾರುಕಟ್ಟೆಗೆ ಬಂದ ಬರ ಹಲವು ಪತ್ರಿಕೆಗಳನ್ನು ಒಯ್ಯಿತು. 1974ರಿಂದ ಇದ್ದ ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಆ ಡಿಸೆಂಬರಿನಲ್ಲಿ ನಿಂತಿತು. ಐಬಿಎಂನ ಪಿಸಿಜೂನಿಯರ್ ನೆಚ್ಚಿ ಕಂಪ್ಯೂಟ್ 1984ರಲ್ಲಿ ಒಡೆದ ಕವಲು ಬೇಗನೆ ಬತ್ತಿತು. ಆ ಯಂತ್ರವೇ 1985ರಲ್ಲಿ ನಿಂತುಹೋಯಿತಲ್ಲ. ತಾಯಿ ಪತ್ರಿಕೆ ಸೊರಗಿದರೂ ಉಳಿಯಿತು. 1988ರಲ್ಲಿ ಅದು ಲಿಸ್ಟಿಂಗುಗಳನ್ನು ಪೂರ್ತಿ ಕೈಬಿಟ್ಟಿತು. ಆ ವರ್ಷದ ಮೊದಲ ಸಂಚಿಕೆಗಳನ್ನೂ ಕೊನೆಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೆಸರು ಒಂದೇ, ಪ್ರಾಣಿ ಬೇರೆ. ತಂತ್ರಾಂಶ ವಿಮರ್ಶೆ, ಕೊಳ್ಳುವವರಿಗೆ ಸಲಹೆ, ಹೊಳೆಯುವ ಚಿತ್ರ. ಬರಹ ಕೆಟ್ಟದಾಗಿದೆ ಎನ್ನಲಾರೆ. ಆದರೆ ಇನ್ಯಾವ ಪತ್ರಿಕೆಯೂ ಮಾಡಬಹುದಾದ ಕೆಲಸ ಅದು, ಕಂಪ್ಯೂಟೇ ಬೇಕೆಂದಿಲ್ಲ. ಅಂಥ ಕಡೆ ಪೈಪೋಟಿ ಜೋರು.

ಗೆಜೆಟ್ ಮಾತ್ರ ಹಟ ಬಿಡಲಿಲ್ಲ. 64 ಇನ್ನೂ ಮಾರಾಟದಲ್ಲಿತ್ತು, ಸ್ವಿಚ್ ಹಾಕಿದರೆ ಇನ್ನೂ ‘ರೆಡಿ’ ಎನ್ನುತ್ತಿತ್ತು, ಹಾಗಾಗಿ ಗೆಜೆಟ್‌ನಲ್ಲಿ ಲಿಸ್ಟಿಂಗೂ ಇತ್ತು. 1990ರಲ್ಲಿ ಎಬಿಸಿ ಇವೆಲ್ಲವನ್ನೂ ‘ಆಮ್ನಿ’ ಮತ್ತು ‘ಪೆಂಟ್‌ಹೌಸ್’ ಹೊರಡಿಸುತ್ತಿದ್ದ ಜನರಲ್ ಮೀಡಿಯಾಗೆ ಮಾರಿತು. ಗೆಜೆಟ್ ಸ್ವತಂತ್ರವಾಗಿ ನಿಲ್ಲಲಾರದೆ ಕಂಪ್ಯೂಟ್‌ನ ಹೊಟ್ಟೆಯೊಳಗಿನ ಕೆಲವು ಪುಟಗಳಾಯಿತು. ಆಮೇಲೆ ಆ ಪುಟಗಳೂ ಹೋಗಿ ಬರಿಯ ಡಿಸ್ಕ್ ಆಗಿ ಉಳಿಯಿತು. 1994ರ ಏಪ್ರಿಲ್ ಕೊನೆಗೆ ಕಮೊಡೋರ್ ದಿವಾಳಿಯೆದ್ದಿತು. ಸೆಪ್ಟೆಂಬರಿನಲ್ಲಿ ಕಂಪ್ಯೂಟ್ ನಿಂತು ಜಿಫ್-ಡೇವಿಸ್ ಪ್ರಕಾಶನದ ಕೈಸೇರಿತು. ಡಿಸ್ಕಿನ ಗೆಜೆಟ್ 1995ರ ತನಕ ತೆವಳಿತು.

ಈಗ ನನ್ನ ಕೆಲಸ ಹೆಚ್ಚಾಗಿ ಸ್ಕ್ಯಾನ್ ಪ್ರತಿಗಳ ಮೇಲೆ. ಅವುಗಳಲ್ಲಿ 3ಕ್ಕೂ 8ಕ್ಕೂ ವ್ಯತ್ಯಾಸ ಅಳಿಸಿಹೋಗಿರುತ್ತದೆ, ಮಡಿಕೆ ಬಿದ್ದ ಕಡೆ ಅಂಕಿಯೇ ಇರುವುದಿಲ್ಲ. ಫೋನು ಓದುತ್ತದೆಂದು ಅಕ್ಕನ ಮಗಳು ಹೇಳಿದ್ದು ನಿಜವೇ, ಓದುತ್ತದೆ; ಆದರೆ 8ನ್ನು 3 ಎಂದು ಧೈರ್ಯವಾಗಿ ಓದುತ್ತದೆ. ಅದು ಓದಿಕೊಟ್ಟ ಸಾಲನ್ನು ಎಂಎಲ್‌ಎಕ್ಸ್‌ಗೆ ಉಣಿಸಿದರೆ ಎಂಎಲ್‌ಎಕ್ಸ್ ಗೊರಗೊರ ಎಂದು ತಪ್ಪು ಹಿಡಿಯುತ್ತದೆ. ಒಂದೇ ಅಂಕಿ ಮಸುಕಾಗಿದ್ದರೆ 0ಯಿಂದ 9ರ ತನಕ ಒಂದೊಂದೇ ಹಾಕಿ ನೋಡಿ ಗಂಟೆ ಹೊಡೆಯುವ ತನಕ ಕಾಯಬಹುದು. ಎರಡು ಮಸುಕಾಗಿದ್ದರೆ ಆ ಉಪಾಯ ನೆಚ್ಚಲಾಗದು, ಒಂದಕ್ಕಿಂತ ಹೆಚ್ಚು ಜೋಡಿಗೆ ಗಂಟೆ ಹೊಡೆಯಬಹುದು. ಬೆಳ್ಳಿಹುಳ ತಿಂದ ಆಟದ ಲಿಸ್ಟಿಂಗಿನಲ್ಲಿ ಸಾಲುಗಳೇ ಇಲ್ಲ, ಅದಕ್ಕೆ ಚೆಕ್‌ಸಮ್ಮೂ ಏನೂ ಮಾಡಲಾರದು. ಅದೇ ತಿಂಗಳ ಇನ್ನೊಂದು ಪ್ರತಿ ಹುಡುಕಬೇಕು. ಅಟಾರಿ ಲಿಸ್ಟಿಂಗುಗಳ ಪಕ್ಕದ ಗುರುತುಗಳನ್ನು ಕಮೊಡೋರಿನವುಗಳ ಜೊತೆ ತಿಂಗಳು ತಿಂಗಳೂ ಹೋಲಿಸಿ ನೋಡುವುದೂ ಬಾಕಿ ಇದೆ.